ನಂಜಿಗೆ ಮದ್ದು, ಮದ್ದಿಗೆ ಮಿತಿ

ಕನ್ನಡದಲ್ಲಿ 'ನಂಜು' ಎಂಬುದು ಬಹು ಹಳೆಯ ಮಾತು. ವಿಷವೆಂದು ಅದರ ಮೂಲಾರ್ಥ. ಹಾಲಾಹಲವನ್ನು ಕುಡಿದು ಲೋಕವನ್ನು ಕಾಪಾಡಿದ ಶಿವನು ನಮ್ಮವರಿಗೆ ನಂಜುಂಡನಾದನು. ಕಪಿಲಾ ತೀರದಲ್ಲಿ ಅವನು ನೆಲೆಸಿದ ಊರು ನಂಜನಗೂಡಾಯಿತು. ಆದರೆ ನಮ್ಮ ಹಿರಿಯರು ಈ ಮಾತನ್ನು ಪುರಾಣದ ವಿಷಕ್ಕೆ ಮಾತ್ರ ಮೀಸಲಾಗಿರಿಸಲಿಲ್ಲ. ಕಾಲಿಗೆ ಮುಳ್ಳು ಚುಚ್ಚಿ, ಆ ಜಾಗ ಕೆಂಪೇರಿ, ಬಾತು, ಕೀವು ತುಂಬಿದರೆ 'ನಂಜಾಗಿದೆ' ಎಂದರು. ಗಾಯವಾದವನ ಎಲೆಗೆ ಬದನೆಕಾಯಿ ಬಡಿಸಹೋದರೆ 'ಬೇಡ, ನಂಜು' ಎಂದು ತಡೆದರು. ಹೊರಗಿನಿಂದ ಬರುವ ವಿಷವಲ್ಲದೆ, ಮೈಯೊಳಗೇ ಹುಟ್ಟಿ ಮೈಯನ್ನೇ ಕೆಡಿಸುವ ವಿಷವೊಂದುಂಟು ಎಂಬ ಅರಿವು ಈ ಎರಡಕ್ಷರದಲ್ಲಿ ಅಡಗಿದೆ. ಪಾಶ್ಚಾತ್ಯ ವೈದ್ಯರು ಇಂತಹ ಸ್ಥಿತಿಗೆ ಗ್ರೀಕ್ ಭಾಷೆಯಿಂದ 'ಸೆಪ್ಸಿಸ್' ಎಂಬ ಪದವನ್ನು ತೆಗೆದುಕೊಂಡಿದ್ದಾರೆ. ಕೊಳೆಯುವಿಕೆ ಎಂದು ಅದರ ಅರ್ಥ. ಎರಡು ದೂರದ ಭಾಷೆಗಳ ಜನ ಒಂದೇ ಭಯಕ್ಕೆ ತಮ್ಮ ತಮ್ಮ ರೀತಿಯಲ್ಲಿ ಹೆಸರಿಟ್ಟರು.

ಕನ್ನಡ ಪಾಠ ಹೇಳಿ ನಿವೃತ್ತನಾದ ನಾನು ಔಷಧದ ವಿಚಾರವನ್ನೆತ್ತಿಕೊಂಡು ಬಂದುದನ್ನು ಕೆಲವರು ಅಧಿಕಪ್ರಸಂಗವೆಂದು ಬಗೆಯಬಹುದು. ನಂಜಿಗೆ ಕೊಡುವ ಮದ್ದು ಯಾವುದು, ಎಷ್ಟು, ಎಂಬುದು ನಿಶ್ಚಯವಾಗಿಯೂ ವೈದ್ಯರಿಗೆ ಸೇರಿದ ವಿಷಯ. ಆದರೆ ಆ ಮದ್ದಿಗೆ ಇತರ ಔಷಧಗಳಿಗಿಲ್ಲದ ಒಂದು ಗುಣವುಂಟು. ಒಬ್ಬನು ತಲೆನೋವಿಗೆ ಬೇಕಿಲ್ಲದ ಮಾತ್ರೆ ನುಂಗಿದರೆ ಕೆಡುವುದು ಅವನ ಹೊಟ್ಟೆ. ರೋಗಾಣುಗಳನ್ನು ಕೊಲ್ಲುವ ಪ್ರತಿಜೀವಕವನ್ನು, ಅಂದರೆ ಆಂಟಿಬಯಾಟಿಕ್ ಔಷಧವನ್ನು, ಹಾಗೆ ನುಂಗಿದರೆ ಊರಿನ ಮದ್ದೇ ಕೆಡುತ್ತದೆ. ಅದನ್ನು ಬರೆದುಕೊಡುವವರು ವೈದ್ಯರಾದರೂ, ಅದು ಮುಂದಿನ ತಲೆಮಾರಿಗೆ ಉಳಿಯುವುದು ವೈದ್ಯರಲ್ಲದ ನಮ್ಮನ್ನೂ ಅವಲಂಬಿಸಿದೆ. ಈ ಭಾಷಣಕ್ಕೆ ಅದೇ ನನ್ನ ಅಧಿಕಾರ.

ಮೊದಲು ಸೆಪ್ಸಿಸ್ ಎಂದರೇನೆಂಬುದನ್ನು ನೋಡೋಣ. ಶರೀರದ ಯಾವುದೋ ಒಂದೆಡೆ ರೋಗಾಣುಗಳು ನೆಲೆಯೂರಿದಾಗ ಅವುಗಳೊಡನೆ ಹೋರಾಡುವ ಏರ್ಪಾಡು ನಮ್ಮೆಲ್ಲರಲ್ಲಿಯೂ ಇದೆ. ಜ್ವರ, ಊತ, ನೋವು ಇವೆಲ್ಲ ಆ ಹೋರಾಟದ ಗುರುತುಗಳು. ಸಾಮಾನ್ಯವಾಗಿ ಅದು ಆಯಾ ಸ್ಥಳದಲ್ಲಿಯೇ ನಡೆದು ಮುಗಿಯುತ್ತದೆ. ಕೆಲವೊಮ್ಮೆ ಹಾಗಾಗದೆ, ಶ್ವಾಸಕೋಶದಲ್ಲಿಯೋ ಮೂತ್ರನಾಳದಲ್ಲಿಯೋ ಶಸ್ತ್ರಚಿಕಿತ್ಸೆಯ ಗಾಯದಲ್ಲಿಯೋ ಮೊದಲಾದ ಸೋಂಕಿಗೆ ಇಡೀ ದೇಹ ಮಿತಿಮೀರಿ ಪ್ರತಿಕ್ರಿಯಿಸತೊಡಗುತ್ತದೆ. ರಕ್ತನಾಳಗಳು ಸಡಿಲಗೊಂಡು ಸೋರುತ್ತವೆ. ರಕ್ತದ ಒತ್ತಡ ಕುಸಿಯುತ್ತದೆ. ಸಣ್ಣ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಮೂತ್ರಪಿಂಡ, ಶ್ವಾಸಕೋಶ, ಮಿದುಳು ಒಂದೊಂದಾಗಿ ತಮ್ಮ ಕೆಲಸವನ್ನು ಕೈಬಿಡುತ್ತವೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆಯನ್ನು ಇದಕ್ಕಿಂತ ಸರಿಯಾಗಿ ಹೊಂದಿಸುವ ಜಾಗ ನನಗೆ ಕಾಣದು. 2016ರಲ್ಲಿ ತಜ್ಞರ ಅಂತರರಾಷ್ಟ್ರೀಯ ಮಂಡಲಿಯೊಂದು ಸೆಪ್ಸಿಸ್‌ಗೆ ಕೊಟ್ಟ ಹೊಸ ಲಕ್ಷಣದ ತಿರುಳೂ ಇದೇ: ಸೋಂಕಿಗೆ ದೇಹ ತೋರುವ ಹದತಪ್ಪಿದ ಪ್ರತಿಕ್ರಿಯೆಯಿಂದ ಅಂಗಾಂಗಗಳು ಪ್ರಾಣಾಂತಿಕವಾಗಿ ಕೆಡುವುದು. 2017ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 4 ಕೋಟಿ 89 ಲಕ್ಷ ಮಂದಿ ಈ ಸ್ಥಿತಿಗೆ ಸಿಲುಕಿದರೆಂದೂ ಅವರಲ್ಲಿ 1 ಕೋಟಿ 10 ಲಕ್ಷ ಮಂದಿ ಮರಣ ಹೊಂದಿದರೆಂದೂ ವಿದ್ವಾಂಸರು ಅಂದಾಜು ಮಾಡಿದ್ದಾರೆ. ಆ ವರ್ಷದ ಐದು ಸಾವುಗಳಲ್ಲಿ ಒಂದು ಈ ಬಾಗಿಲಿನಿಂದ ಬಂದಂತಾಯಿತು.

ನಮ್ಮ ಹಿಂದಿನವರಿಗೆ ಈ ಬಾಗಿಲಿನ ಪರಿಚಯ ಚೆನ್ನಾಗಿ ಇತ್ತು. ನನ್ನ ಅಜ್ಜಿಯ ಹಿರಿಯ ಮಗಳು, ನನಗೆ ದೊಡ್ಡಮ್ಮನಾಗಬೇಕಾಗಿದ್ದವಳು, ಚೊಚ್ಚಲ ಹೆರಿಗೆಯಾದ ಒಂಬತ್ತನೆಯ ದಿನ ತೀರಿಕೊಂಡಳಂತೆ. ನಾನು ಹುಟ್ಟುವುದಕ್ಕೆ ಇಪ್ಪತ್ತು ವರ್ಷಗಳಷ್ಟು ಹಿಂದಿನ ಮಾತು. 'ಬಾಣಂತಿ ಸನ್ನಿ' ಎಂಬುದು ಮನೆಯವರು ಕೊಟ್ಟ ಹೆಸರು. ಅಜ್ಜಿ ಆ ಒಂಬತ್ತು ದಿನಗಳ ಕಥೆಯನ್ನು ಎಂದೂ ಪೂರ್ತಿಯಾಗಿ ಹೇಳಿದವಳಲ್ಲ. ಮಗುವನ್ನು ಮುಂದೆ ಹಿಡಿದು ತೋರಿಸಿದರೆ "ಇದು ಯಾರ ಮಗುವಮ್ಮ?" ಎಂದು ಕೇಳಿದಳು ಎಂಬ ಒಂದು ಮಾತನ್ನು ಮಾತ್ರ ಹೇಳಿ, ಮುಂದೆ ಹೇಳಲಾರದೆ ಏಳುತ್ತಿದ್ದಳು. ಸನ್ನಿ ಎಂದರೆ ಬುದ್ಧಿಭ್ರಮೆ, ಜ್ವರದ ಬಡಬಡಿಕೆ. ಗರ್ಭಕೋಶದ ಸೋಂಕು ರಕ್ತಕ್ಕೇರಿ ಮಿದುಳನ್ನು ಮಂಕಾಗಿಸುವ ಘಟ್ಟವನ್ನು ನಮ್ಮ ಹೆಂಗಸರು ಕಣ್ಣಾರೆ ಕಂಡು ಇಟ್ಟ ಹೆಸರದು. ವೈದ್ಯರು ಕೈಗಳನ್ನು ಕ್ಲೋರಿನ್ ಸುಣ್ಣದ ನೀರಿನಲ್ಲಿ ತೊಳೆದುಕೊಂಡರೆ ಈ ಮರಣಗಳು ಬಹುಮಟ್ಟಿಗೆ ತಗ್ಗುತ್ತವೆಂದು ವಿಯೆನ್ನಾ ನಗರದ ಆಸ್ಪತ್ರೆಯಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯನು 1847ರಲ್ಲಿಯೇ ತೋರಿಸಿಕೊಟ್ಟಿದ್ದನು. ಆದರೆ ಅದು ನಂಜು ತಗಲದಂತೆ ತಡೆಯುವ ಉಪಾಯ. ತಗಲಿದ ಮೇಲೆ ಅದನ್ನು ಬೆನ್ನಟ್ಟಿ ಕೊಲ್ಲುವ ಮದ್ದು ಮನುಷ್ಯನ ಕೈಯಲ್ಲಿ ಬಹುಕಾಲ ಇರಲಿಲ್ಲ. 1930ರ ದಶಕದಲ್ಲಿ ಸಲ್ಫಾ ಔಷಧಗಳು ಬಂದು ಕೆಲವರನ್ನು ಉಳಿಸಿದವು. ಅವಕ್ಕೆ ಬಗ್ಗದ ನಂಜುಗಳು ಇನ್ನೂ ಅನೇಕವಿದ್ದವು.

1928ರಲ್ಲಿ ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗನು ತನ್ನ ಗಾಜಿನ ತಟ್ಟೆಯ ಮೇಲೆ ಬೂಷ್ಟು ಬೆಳೆದ ಕಡೆ ಬ್ಯಾಕ್ಟೀರಿಯಗಳು ಕರಗಿದ್ದುದನ್ನು ಕಂಡ ಕಥೆ ಶಾಲೆಯ ಮಕ್ಕಳಿಗೂ ಗೊತ್ತು. ಆ ಬೂಷ್ಟಿನ ರಸ ಔಷಧವಾದ ಕಥೆ ಅಷ್ಟಾಗಿ ತಿಳಿದುದಲ್ಲ. ಅದು ನಡೆದದ್ದು ಆಕ್ಸ್‌ಫರ್ಡಿನಲ್ಲಿ, ಎರಡನೆಯ ಮಹಾಯುದ್ಧದ ಕಾಲದಲ್ಲಿ. ಹೊವರ್ಡ್ ಫ್ಲೋರಿ, ಅರ್ನ್‌ಸ್ಟ್ ಚೈನ್, ನಾರ್ಮನ್ ಹೀಟ್ಲಿ ಮೊದಲಾದವರು 1940ರ ಮೇ 25ರಂದು ಎಂಟು ಇಲಿಗಳಿಗೆ ಮಾರಕ ಸೋಂಕನ್ನು ಚುಚ್ಚಿ, ನಾಲ್ಕಕ್ಕೆ ಮಾತ್ರ ಪೆನಿಸಿಲಿನ್ ಕೊಟ್ಟರು. ಬೆಳಗಾಗುವಷ್ಟರಲ್ಲಿ ಮದ್ದಿಲ್ಲದ ನಾಲ್ಕೂ ಸತ್ತಿದ್ದವು, ಮದ್ದು ಕಂಡ ನಾಲ್ಕೂ ಬದುಕಿದ್ದವು. ಆದರೆ ಮನುಷ್ಯನಿಗೆ ಸಾಲುವಷ್ಟು ಮದ್ದನ್ನು ತಯಾರಿಸುವುದೇ ಒಂದು ಸಾಹಸ. ಯುದ್ಧಕಾಲದ ಅಭಾವದಲ್ಲಿ ಬೂಷ್ಟನ್ನು ಬೆಳೆಸಲು ಪಾತ್ರೆಗಳು ಸಿಗದೆ, ಹಾಸಿಗೆ ಹಿಡಿದ ರೋಗಿಗಳು ಬಳಸುವ ಬೆಡ್‌ಪ್ಯಾನುಗಳಲ್ಲಿಯೂ ಅವರು ಅದನ್ನು ಬೆಳೆಸಿದರು.

1941ರ ಫೆಬ್ರವರಿ 12ರಂದು ಅಲ್ಲಿನ ರಾಡ್‌ಕ್ಲಿಫ್ ಆಸ್ಪತ್ರೆಯಲ್ಲಿ ಆಲ್ಬರ್ಟ್ ಅಲೆಕ್ಸಾಂಡರ್ ಎಂಬ 43 ವರ್ಷದ ಪೊಲೀಸಿನವನಿಗೆ ಮೊದಲ ಚುಚ್ಚುಮದ್ದು ದೊರೆಯಿತು. ಗುಲಾಬಿಯ ಮುಳ್ಳು ಅವನ ಮುಖವನ್ನು ಗೀರಿತೆಂದು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಬಾಂಬುದಾಳಿಯಲ್ಲಿ ಆದ ಗಾಯವೆಂಬ ಮಾತೂ ಉಂಟು. ಗಾಯ ಹೇಗೇ ಆಗಿರಲಿ, ನಂಜು ತಲೆಗೆ, ಭುಜಕ್ಕೆ, ಶ್ವಾಸಕೋಶಕ್ಕೆ ಹರಡಿತ್ತು. ಒಂದು ಕಣ್ಣನ್ನು ತೆಗೆದುಹಾಕಿದ್ದರು. ಸಲ್ಫಾ ಔಷಧ ಸೋತಿತ್ತು. ಪೆನಿಸಿಲಿನ್ ಕೊಟ್ಟ ಒಂದು ದಿನದಲ್ಲಿ ಅವನ ಜ್ವರ ಇಳಿಯತೊಡಗಿತು, ಆಮೇಲೆ ಹಸಿವು ಹುಟ್ಟಿತು. ಇದ್ದ ಮದ್ದು ಬಹಳ ಸ್ವಲ್ಪ. ಅವನ ಮೂತ್ರವನ್ನು ಸಂಗ್ರಹಿಸಿ, ಪ್ರಯೋಗಶಾಲೆಗೆ ಸೈಕಲ್ಲಿನ ಮೇಲೆ ಒಯ್ದು, ಅದರಲ್ಲಿ ಹೊರಬಂದಿದ್ದ ಪೆನಿಸಿಲಿನ್ನನ್ನು ಮತ್ತೆ ಬಸಿದು, ಮತ್ತೆ ಅವನಿಗೇ ಚುಚ್ಚಿದರು. ಐದು ದಿನಗಳಲ್ಲಿ ಅದೂ ಮುಗಿಯಿತು. ಅಳಿದುಳಿದ ರೋಗಾಣುಗಳು ಮತ್ತೆ ತಲೆಯೆತ್ತಿದವು. ಮಾರ್ಚ್ 15ರಂದು ಅವನು ತೀರಿಕೊಂಡನು. ಮುಂದಿನ ವರ್ಷ ಮಾರ್ಚ್ ತಿಂಗಳಲ್ಲಿ ಅಮೆರಿಕದ ನ್ಯೂ ಹೇವನ್ ನಗರದಲ್ಲಿ, ಗರ್ಭಪಾತದ ನಂತರ ರಕ್ತಕ್ಕೆ ನಂಜೇರಿ ಸಾವಿನ ದವಡೆಯಲ್ಲಿದ್ದ ಆನ್ ಮಿಲ್ಲರ್ ಎಂಬಾಕೆಗೆ ಅದೇ ಮದ್ದನ್ನು ಕೊಟ್ಟರು. ಮರುದಿನದ ಹೊತ್ತಿಗೆ ಜ್ವರ ಬಿಟ್ಟಿತು. ಆಕೆ 1999ರವರೆಗೆ, ತೊಂಬತ್ತು ವರ್ಷ ಬದುಕಿದಳು. ಈ ಇಬ್ಬರ ವೃತ್ತಾಂತವನ್ನು ಓದಿದಾಗಲೆಲ್ಲ ನನಗೆ ಆ ಒಂಬತ್ತು ದಿನಗಳ ಬಾಣಂತಿಯ ನೆನಪಾಗುತ್ತದೆ. ಆಕೆಗೆ ಬೇಕಾಗಿದ್ದದ್ದು ಪವಾಡವಲ್ಲ, ಹತ್ತು ವರ್ಷಗಳ ಕಾಲಾವಕಾಶ.

ಮದ್ದು ಲೋಕಕ್ಕೆ ಸುಲಭವಾದ ಹೊತ್ತಿನಲ್ಲಿಯೇ ಅದನ್ನು ಕಂಡವನು ಎಚ್ಚರಿಕೆ ನುಡಿದನು. 1945ರ ಡಿಸೆಂಬರಿನಲ್ಲಿ ನೊಬೆಲ್ ಪಾರಿತೋಷಕದ ಉಪನ್ಯಾಸವನ್ನು ಮುಗಿಸುವಾಗ ಫ್ಲೆಮಿಂಗನು ಒಂದು ಕಲ್ಪಿತ ಕಥೆಯನ್ನು ಹೇಳಿದನು. ಒಬ್ಬ ಗೃಹಸ್ಥನಿಗೆ ಗಂಟಲು ನೋವು. ತಾನೇ ಪೆನಿಸಿಲಿನ್ ಕೊಂಡು ಸೇವಿಸುತ್ತಾನೆ. ರೋಗಾಣುಗಳು ಸಾಯುವಷ್ಟಲ್ಲ, ಮದ್ದನ್ನು ಎದುರಿಸಲು ಕಲಿಯುವಷ್ಟು. ಪಳಗಿದ ಆ ರೋಗಾಣುಗಳು ಅವನ ಹೆಂಡತಿಗೆ ತಗಲುತ್ತವೆ, ಆಕೆಗೆ ನ್ಯುಮೋನಿಯ ಬರುತ್ತದೆ, ವೈದ್ಯರು ಕೊಟ್ಟ ಪೆನಿಸಿಲಿನ್ ನಾಟುವುದಿಲ್ಲ, ಆಕೆ ಸಾಯುತ್ತಾಳೆ. ಈ ಸಾವಿಗೆ ಮೂಲ ಹೊಣೆ ಯಾರದು ಎಂದು ಫ್ಲೆಮಿಂಗ್ ಸಭೆಯನ್ನು ಕೇಳಿ, ಗಂಡನದೆಂದು ತಾನೇ ಉತ್ತರ ಕೊಟ್ಟನು. ಸಣ್ಣಕಥೆಗಳನ್ನು ನಲವತ್ತು ವರ್ಷ ಪಾಠ ಮಾಡಿದವನಾದ ನಾನು ಹೇಳಬಲ್ಲೆ: ಇಷ್ಟು ಚಿಕ್ಕದರಲ್ಲಿ ಇಷ್ಟು ದೊಡ್ಡ ದುರಂತವನ್ನು ಹೇಳಿದ ಕಥೆಗಳು ಕಡಿಮೆ. ಕಥೆ ನಿಜವಾಗಲು ಹೆಚ್ಚು ಕಾಲವೂ ಹಿಡಿಯಲಿಲ್ಲ. ಹತ್ತು ವರ್ಷ ತುಂಬುವುದರೊಳಗೆ ಪೆನಿಸಿಲಿನ್ನಿಗೆ ಬಗ್ಗದ ಸ್ಟೆಫಿಲೊಕಾಕಸ್ ಬ್ಯಾಕ್ಟೀರಿಯಗಳು ಆಸ್ಪತ್ರೆಗಳಲ್ಲಿ ಮನೆಮಾಡಿದ್ದವು.

ನಮ್ಮ ದೇಶವೂ ಈ ಮದ್ದಿಗಾಗಿ ಶ್ರಮಿಸಿದೆ. ಪುಣೆಯ ಬಳಿ ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆಂಟಿಬಯಾಟಿಕ್ಸ್ ಎಂಬ ಸರ್ಕಾರಿ ಸಂಸ್ಥೆ 1954ರಲ್ಲಿ ಸ್ಥಾಪಿತವಾಯಿತು. ಅದರ ಸಹಯೋಗದಿಂದ 1981ರಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ಆಂಟಿಬಯಾಟಿಕ್ಸ್ ಹುಟ್ಟಿತು. ರೋಗಿಯ ಮೂತ್ರದಿಂದ ಬಸಿದು ತೆಗೆಯಬೇಕಾಗಿದ್ದ ವಸ್ತು ತಾಲ್ಲೂಕಿನ ಔಷಧದಂಗಡಿಯ ಕಪಾಟಿಗೆ ಬಂದುದು ಸಣ್ಣ ಸಾಧನೆಯೇನಲ್ಲ. ಸುಲಭವಾಗಿ ಸಿಕ್ಕಿದ್ದರ ಬೆಲೆ ನಮಗೆ ತಿಳಿಯದೆ ಹೋದದ್ದು ಬೇರೆಯ ಮಾತು.

ಆಸ್ಪತ್ರೆಯಲ್ಲಿ ಈ ಮದ್ದಿನ ಬಳಕೆ ಹೇಗೆ ನಡೆಯುತ್ತದೆಂಬುದನ್ನು ನಾನು ಹತ್ತಿರದಿಂದ ನೋಡಿದ್ದು ಕೆಲವು ವರ್ಷಗಳ ಹಿಂದೆ. ನನಗಿಂತ ಹತ್ತು ವರ್ಷ ದೊಡ್ಡವಳಾದ ನನ್ನ ಅಕ್ಕ ಅಂಗಳದಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಯಿತು. ಮೂರನೆಯ ದಿನ ಸಂಜೆ ಅವಳಿಗೆ ನಡುಕ ಹತ್ತಿತು. ಆಮೇಲೆ "ಕರು ಕಟ್ಟಿಲ್ಲ ಕಣೋ, ಹಾಲೆಲ್ಲ ಕುಡಿದುಬಿಡುತ್ತೆ, ಓಡು" ಎಂದು ನನ್ನನ್ನು ಗದರಿಸತೊಡಗಿದಳು. ಆ ಕೊಟ್ಟಿಗೆ ಬಿದ್ದುಹೋಗಿ ನಲವತ್ತು ವರ್ಷವಾಗಿತ್ತು. ನೋಡಲು ಬಂದಿದ್ದ ನೆಂಟರು ವಯಸ್ಸಾಯಿತು, ಅರಿವಳಿಕೆಯ ಮಂಪರು ಇನ್ನೂ ಇಳಿದಿಲ್ಲ ಎಂದರು. ರಾತ್ರಿ ಪಾಳಿಯ ನರ್ಸ್ ಹಾಗೆನ್ನಲಿಲ್ಲ. ಆಕೆ ಕೈಗಡಿಯಾರ ನೋಡಿಕೊಂಡು ಉಸಿರೆಣಿಸಿದಳು, ನಿಮಿಷಕ್ಕೆ 28. ಮಂಚಕ್ಕೆ ಕಟ್ಟಿದ್ದ ಮೂತ್ರದ ಚೀಲವನ್ನು ಎತ್ತಿ ನೋಡಿದಳು; ಮಧ್ಯಾಹ್ನದಿಂದ ಒಂದು ಲೋಟದಷ್ಟೂ ಸೇರಿರಲಿಲ್ಲ. "ನಿನ್ನೆ ಅಜ್ಜಿ ನನ್ನ ಹೆಸರು ಹಿಡಿದು ಕರೆದಿದ್ದರು ಸರ್, ಇದು ವಯಸ್ಸಲ್ಲ" ಎಂದು ಹೇಳಿ ವೈದ್ಯರನ್ನು ಕರೆತರಲು ಓಡಿದಳು.

ಬಂದ ಯುವ ವೈದ್ಯೆ ಎರಡು ಕೈಗಳಿಂದಲೂ ಬೇರೆ ಬೇರೆಯಾಗಿ ರಕ್ತ ತೆಗೆದು ಸೀಸೆಗಳಿಗೆ ತುಂಬಿದರು. ಅದಕ್ಕೆ ಬ್ಲಡ್ ಕಲ್ಚರ್ ಎನ್ನುತ್ತಾರೆ. ಕಲ್ಚರ್ ಎಂದರೆ ಸಂಸ್ಕೃತಿ ಎಂದೇ ಆವರೆಗೆ ಪಾಠ ಹೇಳಿದ್ದ ನನಗೆ ಅದರ ಮೂಲಾರ್ಥ ಕೃಷಿ ಎಂಬುದು ಆ ಹೊತ್ತಿನಲ್ಲಿ ನೆನಪಾಯಿತು. ರಕ್ತದಲ್ಲಿರಬಹುದಾದ ರೋಗಾಣುವನ್ನು ಬೆಳೆ ತೆಗೆದು, ಅದರ ಜಾತಿಯನ್ನೂ ಅದು ಯಾವ ಮದ್ದಿಗೆ ಬಗ್ಗುತ್ತದೆಂಬುದನ್ನೂ ನೋಡುವ ಪರೀಕ್ಷೆ ಅದು. ಬೆಳೆ ಬರಲು ಎರಡು ಮೂರು ದಿನ ಬೇಕು. ರೋಗಿಗೆ ಅಷ್ಟು ಕಾಲವಿಲ್ಲ. ಆದ್ದರಿಂದ ರಕ್ತ ತೆಗೆದ ಮರುಗಳಿಗೆಯಲ್ಲಿಯೇ, ಹತ್ತಾರು ಬಗೆಯ ರೋಗಾಣುಗಳನ್ನು ಒಮ್ಮೆಗೇ ಹೊಡೆಯಬಲ್ಲ ಪ್ರಬಲವಾದ ಪ್ರತಿಜೀವಕವನ್ನು ಅಕ್ಕನ ರಕ್ತನಾಳಕ್ಕೆ ಹರಿಯಬಿಟ್ಟರು. ಜೊತೆಗೆ ಲವಣಜಲ, ಆಮ್ಲಜನಕ, ಒತ್ತಡವನ್ನೆತ್ತುವ ಔಷಧ. ಪ್ರತಿಜೀವಕ ರೋಗಾಣುವನ್ನು ಕೊಲ್ಲುತ್ತದೆಯೇ ಹೊರತು ಹದತಪ್ಪಿದ ದೇಹವನ್ನು ಸರಿಪಡಿಸುವುದಿಲ್ಲ. ದೇಹ ತಾನಾಗಿ ಸರಿಹೋಗುವವರೆಗೆ ಈ ಊರೆಗೋಲುಗಳು ಬೇಕು.

ಆ ಅವಸರಕ್ಕೆ ಆಧಾರವಿದೆ. ಸೆಪ್ಸಿಸ್‌ನಿಂದ ರಕ್ತದ ಒತ್ತಡ ಕುಸಿದಿದ್ದ 2,731 ರೋಗಿಗಳ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಒತ್ತಡ ಕುಸಿದ ಮೊದಲ ಗಂಟೆಯೊಳಗೆ ತಕ್ಕ ಪ್ರತಿಜೀವಕ ಪಡೆದವರಲ್ಲಿ ನೂರಕ್ಕೆ ಸುಮಾರು 80 ಮಂದಿ ಉಳಿದರು. ಆಮೇಲಿನ ಗಂಟೆಗಳಲ್ಲಿ, ಒಂದೊಂದು ಗಂಟೆ ತಡವಾದಂತೆ, ಉಳಿಯುವವರ ಪ್ರಮಾಣ ಸರಾಸರಿ ನೂರಕ್ಕೆ 7.6ರಂತೆ ಇಳಿಯುತ್ತ ಹೋಯಿತು. ಹಾಗೆಂದು ಜ್ವರ ಕಂಡವರಿಗೆಲ್ಲ ಪ್ರಬಲ ಮದ್ದನ್ನು ಸುರಿಯಬೇಕೆಂದು ಇದರ ಅರ್ಥವಲ್ಲ. 2021ರಲ್ಲಿ ಪರಿಷ್ಕೃತವಾದ ಅಂತರರಾಷ್ಟ್ರೀಯ ಮಾರ್ಗಸೂಚಿ ಇಲ್ಲಿ ವಿವೇಕವನ್ನು ತೋರಿದೆ. ಒತ್ತಡ ಕುಸಿದಿದ್ದರೆ, ಅಥವಾ ಸೆಪ್ಸಿಸ್ ಬಹುತೇಕ ಖಚಿತವಾಗಿದ್ದರೆ, ಒಂದು ಗಂಟೆಯೊಳಗೆ ಮದ್ದು ಕೊಡತಕ್ಕದ್ದು. ಒತ್ತಡ ಸರಿಯಾಗಿದ್ದು ಸಂಶಯ ಮಾತ್ರವಿದ್ದರೆ ಬೇಗಬೇಗನೆ ಪರೀಕ್ಷೆ ನಡೆಸಿ, ಸೋಂಕಿನ ಶಂಕೆ ಉಳಿದರೆ ಮೂರು ಗಂಟೆಯೊಳಗೆ ಕೊಡಬಹುದು. ಬೆಂಕಿ ಬಿದ್ದ ಮನೆಗೆ ಕೂಡಲೇ ನೀರು. ಹೊಗೆ ಕಂಡ ಮನೆಯಲ್ಲಿ ಮೊದಲು ಅಡುಗೆಮನೆಯನ್ನು ಇಣುಕಿ ನೋಡುವುದು.

ಮೂರನೆಯ ದಿನ ವರದಿ ಬಂದಿತು. ಅಕ್ಕನ ರಕ್ತದಲ್ಲಿದ್ದದ್ದು ಇ. ಕೋಲಿ ಎಂಬ ಬ್ಯಾಕ್ಟೀರಿಯ; ಮೂತ್ರನಾಳದಿಂದ ಏರಿದ್ದು. ಅಂಗಡಿಗಳಲ್ಲಿ ಸುಲಭವಾಗಿ ಸಿಗುವ ಎರಡು ಬಗೆಯ ಮಾತ್ರೆಗಳಿಗೆ ಅದು ಬಗ್ಗದು, ಹಳೆಯದೊಂದು ಚುಚ್ಚುಮದ್ದಿಗೆ ಬಗ್ಗುತ್ತದೆ ಎಂದು ಬರೆದಿತ್ತು. ವೈದ್ಯೆ ಪ್ರಬಲ ಮದ್ದನ್ನು ನಿಲ್ಲಿಸಿ ಆ ಹಳೆಯದನ್ನು ಬರೆದರು. ಅಕ್ಕನ ಮಗನಿಗೆ ಇದು ಸರಿದೋರಲಿಲ್ಲ. "ದುಡ್ಡಿನ ಯೋಚನೆ ಬೇಡ ಮೇಡಂ, ದೊಡ್ಡದನ್ನೇ ಮುಂದುವರಿಸಿ" ಎಂದನು. ಅವರು ಶಾಂತವಾಗಿ, "ಅದು ಇನ್ನು ಅಮ್ಮನವರಿಗೆ ಬೇಕಿಲ್ಲ. ನಾಳೆ ಪಕ್ಕದ ಹಾಸಿಗೆಯವರಿಗೆ ಬೇಕಾಗಬಹುದು. ಮುಂದೆಂದಾದರೂ ಅಮ್ಮನವರಿಗೇ ಬೇಕಾಗಬಹುದು. ಆಗ ಅದು ಕೆಲಸ ಮಾಡಬೇಕಲ್ಲ?" ಎಂದರು. ಆಮೇಲೆ ಹಿಂದಿನ ವರ್ಷಗಳಲ್ಲಿ ಉರಿಮೂತ್ರವಾದಾಗ ಏನು ಕೊಡುತ್ತಿದ್ದಿರಿ ಎಂದು ಕೇಳಿದರು. ಅಂಗಡಿಯಿಂದ ಮಾತ್ರೆ ತರುತ್ತಿದ್ದೆವು, ಉರಿ ನಿಂತೊಡನೆ ನಿಲ್ಲಿಸುತ್ತಿದ್ದೆವು ಎಂದು ಅವನು ಹೇಳಿದನು. ವರದಿಯಲ್ಲಿ ಸೋತ ಮಾತ್ರೆಗಳಲ್ಲಿ ಅದೂ ಒಂದಾಗಿತ್ತು. ಫ್ಲೆಮಿಂಗನ ಗೃಹಸ್ಥ ನಮ್ಮ ಮನೆಯಲ್ಲಿಯೂ ಇದ್ದ. ಅಕ್ಕ ಬದುಕಿದಳು. ಹದಿನೆಂಟು ದಿನಗಳ ಮೇಲೆ ಕೋಲೂರಿಕೊಂಡು ಮನೆಗೆ ಬಂದಳು. ಹಳೆಯ ಚುಚ್ಚುಮದ್ದೂ ಸೋತಿದ್ದರೆ ಏನಾಗುತ್ತಿತ್ತು ಎಂಬ ಪ್ರಶ್ನೆ ಮಾತ್ರ ನನ್ನ ಬಳಿ ಉಳಿದುಕೊಂಡಿತು.

ಆ ಪ್ರಶ್ನೆಗೆ ಉತ್ತರ ಪಡೆದ ಮನೆಗಳು ಅಸಂಖ್ಯಾತ. 2019ರಲ್ಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಗಳ ದೆಸೆಯಿಂದಲೇ ಜಗತ್ತಿನಲ್ಲಿ ಸುಮಾರು 12 ಲಕ್ಷ 70 ಸಾವಿರ ಮಂದಿ ಮಡಿದರೆಂಬ ಅಂದಾಜಿದೆ. ನಮ್ಮ ಸರ್ಕಾರ ಅನೇಕ ಪ್ರತಿಜೀವಕಗಳನ್ನು 'ಎಚ್ 1' ಎಂಬ ಪಟ್ಟಿಗೆ ಸೇರಿಸಿ, ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದೂ ಮಾರಿದ್ದನ್ನು ದಾಖಲಿಸಬೇಕೆಂದೂ ಮಾಡಿದ ನಿಯಮ 2014ರ ಮಾರ್ಚಿನಿಂದ ಜಾರಿಗೆ ಬಂದಿತು. ಔಷಧದ ಪಟ್ಟಿಯ ಮೇಲಿನ ಕೆಂಪು ಗೆರೆಯ ಅರ್ಥವನ್ನು ಜನಕ್ಕೆ ತಿಳಿಸುವ ಪ್ರಚಾರ 2016ರಲ್ಲಿ ಆರಂಭವಾಯಿತು. ಗೆರೆ ಇದೆ, ಅದನ್ನು ಓದುವ ಕಣ್ಣು ನಮ್ಮದಾಗಬೇಕು.

ಕೇಳುಗರೆ, ನಮ್ಮಿಂದ ಆಗಬೇಕಾದದ್ದು ಹೆಚ್ಚಿನದೇನಲ್ಲ. ನೆಗಡಿಯೂ ಬಹುಪಾಲು ಗಂಟಲುನೋವುಗಳೂ ವೈರಸ್‌ಗಳಿಂದ ಬರುವಂತಹವು. ಅವಕ್ಕೆ ಪ್ರತಿಜೀವಕ ತಾಗದು. ಅದನ್ನು ವೈದ್ಯರಲ್ಲಿ ಕಾಡಿ ಬೇಡಬಾರದು. ಬರೆದುಕೊಟ್ಟಾಗ ಹೇಳಿದಷ್ಟು ಪ್ರಮಾಣದಲ್ಲಿ, ಹೇಳಿದಷ್ಟು ದಿನ ಸೇವಿಸಬೇಕು. ಉಳಿದ ಮಾತ್ರೆಯನ್ನು ಡಬ್ಬಿಯಲ್ಲಿಟ್ಟು ನೆರೆಮನೆಗೆ ದಾನ ಮಾಡಬಾರದು. ನಮ್ಮವರು ಆಸ್ಪತ್ರೆಯಲ್ಲಿದ್ದಾಗ ಮಾತ್ರ ಸುಮ್ಮನಿರಬಾರದು. ರೋಗಿ ಇದ್ದಕ್ಕಿದ್ದಂತೆ ಅಸಂಬದ್ಧವಾಗಿ ಮಾತನಾಡಿದರೆ, ಉಸಿರು ವೇಗವಾದರೆ, ಮೂತ್ರ ಕಡಿಮೆಯಾದರೆ, ಕೈಕಾಲು ತಣ್ಣಗಾದರೆ, ಬೆಳಗಾಗಲಿ ಎಂದು ಕಾಯದೆ ನರ್ಸನ್ನು ಕರೆದು "ಇದು ಸೆಪ್ಸಿಸ್ ಇರಬಹುದೆ?" ಎಂದು ಕೇಳಬೇಕು. ಕೇಳುವುದರಿಂದ ಯಾರ ಗೌರವಕ್ಕೂ ಕುಂದಿಲ್ಲ.

ಹಿಂದೆ ನಮ್ಮ ಸೀಮೆಯ ಕೆರೆಗಳಿಗೆ ನೀರಗಂಟಿ ಎಂಬವನೊಬ್ಬನಿರುತ್ತಿದ್ದನು. ತೂಬಿನ ಅಧಿಕಾರ ಅವನದು. ಪೈರು ಹಾಲುಗಾಳಾಗುವ ಹೊತ್ತಿಗೆ ಗದ್ದೆ ಬಿರಿದರೆ ಅವನು ರಾತ್ರಿಯೆನ್ನದೆ ಹೋಗಿ ತೂಬನ್ನು ಪೂರ್ತಿ ತೆರೆಯುತ್ತಿದ್ದನು. ಗದ್ದೆ ನೆನೆದೊಡನೆ ಮುಚ್ಚುತ್ತಿದ್ದನು. ತೆರೆಯಲು ತಡಮಾಡಿದರೆ ಒಬ್ಬನ ಬೆಳೆ ಹೋಗುತ್ತಿತ್ತು, ಮುಚ್ಚಲು ಮರೆತರೆ ಊರಿನ ಬೆಳೆ. ಆ ಯುವ ವೈದ್ಯೆ ಒಂದೇ ವಾರದಲ್ಲಿ ಎರಡು ಕೆಲಸವನ್ನೂ ಮಾಡಿದುದನ್ನು ನಾನು ಕಂಡೆ. ಆದರೆ ನೀರಗಂಟಿ ಎಷ್ಟು ಜಾಣನಾದರೂ, ಊರವರು ಏರಿಯನ್ನು ಅಲ್ಲಲ್ಲಿ ಅಗೆದು ತಮ್ಮ ತಮ್ಮ ಹಿತ್ತಿಲಿಗೆ ನೀರು ಹರಿಸಿಕೊಂಡರೆ, ಬೇಸಗೆಯಲ್ಲಿ ತೂಬು ತೆರೆದಾಗ ಬರುವುದು ಕೆಸರು ಮಾತ್ರ. ಏರಿಯನ್ನು ಕಾಯುವ ಕೆಲಸ ಊರಿನದು.